ದಿಂಡಿಗೆ ತಾಗದ ಗಾಡಿ

ಆಶ್ಲೇಷ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಮುಂಡರಗಿಯ ಸುತ್ತಿನ ಎರೆಹೊಲಗಳಲ್ಲಿ ಹೆಸರುಕಾಯಿ ಕಪ್ಪಾಗಿ ನಿಂತಿದ್ದವು. ಮಳೆ ಒಂದಿಷ್ಟು ಬಿಡುವು ಕೊಟ್ಟರೆ ಸಾಕು, ಹೆಂಗಸರು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಕಾಯಿ ಬಿಡಿಸಲು ಇಳಿಯುತ್ತಿದ್ದರು. ಪೊಲೀಸ್ ಠಾಣೆಯಲ್ಲಿಯೂ ಅಂದು ಮಳೆಯದೇ ಕೆಲಸ. ಹೆಡ್ ಕಾನ್‌ಸ್ಟೆಬಲ್ ಕೊಟ್ರಯ್ಯ ಸೋರುವ ಹಂಚಿನ ಕೆಳಗಿದ್ದ ಕಾಗದಪತ್ರದ ಟ್ರಂಕನ್ನು ಇನ್ನೊಂದು ಮೂಲೆಗೆ ಎಳೆಯುತ್ತಿದ್ದಾಗ ವಿರೂಪಾಕ್ಷಪ್ಪನವರು ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಇಬ್ಬರು ಆಳುಗಳು, ಆಳುಗಳ ನಡುವೆ ಮೊಣಕಾಲ ತನಕ ಕೆಸರು ಮೆತ್ತಿದ ಒಬ್ಬ ಮುದುಕ. ೧೯೭೯ನೆಯ ಇಸವಿ ಆಗಸ್ಟ್ ೮, ಬುಧವಾರ ಬೆಳಿಗ್ಗೆ.

ಎಲ್ಲರೂ ಗೌಡ್ರು ಎಂದು ಕರೆಯುವ ವಿರೂಪಾಕ್ಷಪ್ಪನವರದು ಮುಂಡರಗಿಯಲ್ಲಿ ಕಾಳುಕಡಿ ಮಾರಿಸುವ ಅಡತಿ ಅಂಗಡಿ, ಹಮ್ಮಿಗಿಯ ಹೊಳೆದಂಡೆಗೆ ಕಬ್ಬಿನ ತೋಟ. ತುಂಗಭದ್ರೆ ಏರುತ್ತಿದೆಯೆಂದು ಹೋದ ವಾರವೇ ಅವರು ಹೊಳೆಯೊಳಗಿನ ವಿದ್ಯುತ್ ಮೋಟಾರನ್ನು ಪಂಪಿನ ಸಮೇತ ಬಿಚ್ಚಿಸಿ ದಂಡೆಯ ತಗಡಿನ ಶೆಡ್ಡಿನಲ್ಲಿ ಇಡಿಸಿದ್ದರು. ನಿನ್ನೆ ಮಧ್ಯಾಹ್ನ ಕಾವಲುಗಾರ ಹುಚ್ಚೀರಪ್ಪ ಊಟಕ್ಕೆಂದು ಊರೊಳಗೆ ಹೋಗಿ ಬರುವಷ್ಟರಲ್ಲಿ ಮೋಟಾರು ಇರಲಿಲ್ಲ.

ಇನ್ಸ್‌ಪೆಕ್ಟರ್ ತಿರಕಪ್ಪ ಹಾದಿಮನಿ ಕುರ್ಚಿಯನ್ನು ನೀರು ಬೀಳದ ಕಡೆಗೆ ಸರಿಸಿಕೊಂಡು ಕುಳಿತರು.

"ಯಾರ ಮ್ಯಾಲ ಸಂಶಯ ಐತ್ರಿ?"

"ಸಂಶಯ ಏನ ಬಂತ್ರಿ, ಇವನ." ವಿರೂಪಾಕ್ಷಪ್ಪನವರು ಮುದುಕನ ಕಡೆ ಗದ್ದ ತೋರಿಸಿದರು. "ಈ ಮಳ್ಯಾಗ ನನ್ನ ದಂಡಿಗೆ ಯಾವ ಗಾಡಿ ಬರ್ತೈತಿ? ಚಕ್ಕಡಿ ಅಚ್ಚಿನ ಮಟ ಹೂಳತಾವ. ಜೀಪು ಬಂದ್ರ ಜಾಡಿನ ನಡುವಿನ ಮಣ್ಣಿನ ದಿಂಡಿಗೆ ಹೊಟ್ಟಿ ಹಚ್ಚಿ ಕುಂತಬಿಡತೈತಿ. ಅಂದಮ್ಯಾಲ ಮೋಟಾರ ಹೊತ್ತಕೊಂಡ ಹೋಗಬೇಕು. ಹೊತ್ತವ್ರು ಊರಾನವ್ರ. ಇವಗ ಗೊತ್ತಿಲ್ಲದ ಯಾರ ಹೊರತಾರ?"

"ಹುಚ್ಚೀರಪ್ಪ, ನೀ ಏನಂತಿ?"

"ನಾ ಉಣ್ಣಾಕ ಹೋಗಿದ್ನಿರಿ."

"ಎಷ್ಟೊತ್ತು?"

"ರೊಟ್ಟಿ ತಿನ್ನುವಷ್ಟೊತ್ತು. ಮಳಿ ಜೋರಾತು, ಜರಾ ಕುಂತ್ನಿ."

"ಯಾರನ್ನರ ನೋಡಿದಿ?"

"ಮಳ್ಯಾಗ ನನ್ನ ಕೈ ನನಗ ಕಾಣ್ತಿರಲಿಲ್ರಿ."

"ನೋಡ್ರಿ, ಬಾಯಿಪಾಠ ಮಾಡ್ಕೊಂಡ ಬಂದಾನ," ಎಂದರು ವಿರೂಪಾಕ್ಷಪ್ಪ.

ಕೊಟ್ರಯ್ಯ ಎಫ್‌ಐಆರ್ ಬರೆದು ಓದಿ ಹೇಳಿದ. ಕಲಂ ೩೭೯, ಕಳವು. ಫಿರ್ಯಾದಿ ರುಜು ಹಾಕಿ, ಇಂದೇ ಮುದುಕನನ್ನು ಗದಗಿನ ಕೋರ್ಟಿಗೆ ಕಳಿಸಬೇಕೆಂದು ಪಟ್ಟು ಹಿಡಿದರು. ಹಾದಿಮನಿ ಒಪ್ಪಲಿಲ್ಲ. "ನಾಳೆ ಸಂಜಿ ಮಟ ವಿಚಾರಣಿ. ಆಮ್ಯಾಲ ಒಂದಾ ಅರೆಸ್ಟ್ ಮಾಡಿ ಕಳಸ್ತೀನಿ, ಇಲ್ಲಾ ಮನಿಗೆ ಬಿಡ್ತೀನಿ. ನೀವು ಅಂಗಡಿಗೆ ನಡೀರಿ."

ಫಿರ್ಯಾದಿ ಹೋದ ಮೇಲೆ ಹುಚ್ಚೀರಪ್ಪನ ಹೆಂಡತಿ ಸಿದ್ದಲಿಂಗವ್ವ ರೊಟ್ಟಿಯ ಗಂಟು ಹಿಡಿದು ಬಂದಳು. ಹಮ್ಮಿಗಿಯಿಂದ ನಡೆದೇ ಬಂದಿದ್ದಳು. ಗಂಟನ್ನು ಗಂಡನ ಮುಂದಿಟ್ಟು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಅವನು ರೊಟ್ಟಿ ಮುಟ್ಟಲಿಲ್ಲ.

"ಸಾಹೇಬ್ರ," ಎಂದಳು, "ಹೊಡದ್ರೂ ಹೊಡೀರಿ. ಜೇಲಿಗೆ ಕಳಸಬ್ಯಾಡ್ರಿ. ಜೇಲು ಕಂಡು ಬಂದವನ ಕೈಯಾಗ ಯಾರ ಹೊಲಾ ಕಾಯಾಕ ಕೊಡ್ತಾರ? ಈತಗ ಕಾಯೂದು ಬಿಟ್ರ ಏನೂ ಬರೂದಿಲ್ಲ."

"ಯಾರೂ ಹೊಡದಿಲ್ಲವ್ವ," ಎಂದ ಕೊಟ್ರಯ್ಯ, ಸ್ವಲ್ಪ ನೊಂದು.

*

ಮಧ್ಯಾಹ್ನ ಮಳೆ ನಿಂತಿತು. ಹಾದಿಮನಿ, ಕೊಟ್ರಯ್ಯ ಮತ್ತು ಚಾಲಕ ಠಾಣೆಯ ಜೀಪಿನಲ್ಲಿ ಹಮ್ಮಿಗಿಯ ಕಡೆ ಹೊರಟರು. ಊರು ಇನ್ನೂ ಅರ್ಧ ಮೈಲಿ ಇರುವಾಗ ಖಡಿ ರಸ್ತೆಯಿಂದ ಒಂದು ಚಕ್ಕಡಿದಾರಿ ಕವಲೊಡೆದು, ಊರಿಗೆ ಹೋಗದೆ, ಹೊಲಗಳ ನಡುವೆ ನೇರವಾಗಿ ಹೊಳೆದಂಡೆಗೆ ಇಳಿಯುತ್ತದೆ. ಎಷ್ಟೋ ವರ್ಷಗಳ ಚಕ್ಕಡಿಗಾಲಿಗಳು ಎರೆಮಣ್ಣಿನಲ್ಲಿ ಎರಡು ಆಳವಾದ ಜಾಡು ಕೊರೆದಿದ್ದವು. ಜಾಡುಗಳ ತುಂಬ ನೀರು. ಅವೆರಡರ ನಡುವೆ ಎಮ್ಮೆಯ ಬೆನ್ನಿನಂತೆ ಎದ್ದು ನಿಂತ ಮಣ್ಣಿನ ದಿಂಡು, ಅದರ ಮೇಲೆ ಹುಲ್ಲು.

ಜೀಪು ಕೂಗಳತೆಯಷ್ಟು ದೂರವೂ ಹೋಗಲಿಲ್ಲ. ಗಾಲಿಗಳು ಜಾಡಿಗೆ ಇಳಿದವು, ಹೊಟ್ಟೆ ದಿಂಡಿಗೆ ಕೂತಿತು, ನಾಲ್ಕೂ ಗಾಲಿ ನೀರಿನಲ್ಲಿ ಬರಿದೆ ತಿರುಗಿದವು.

"ಗೌಡ್ರು ಹೇಳಿದ್ದು ಖರೆ ಆತಲ್ರಿ," ಎಂದ ಕೊಟ್ರಯ್ಯ. "ಇನ್ನ ಎತ್ತು ತರಬೇಕು."

ಚಾಲಕ ಎತ್ತು ಹುಡುಕಿಕೊಂಡು ಹೋದ. ಹಾದಿಮನಿ ಬೂಟು ಕಳಚಿ ಜೀಪಿನಲ್ಲಿಟ್ಟು ಕೆಳಗಿಳಿದು ಬಗ್ಗಿ ನೋಡಿದರು. ಗೇರ್‌ಬಾಕ್ಸು ಮಣ್ಣಿನಲ್ಲಿ ಹೂತಿತ್ತು. ಹಿಂದಕ್ಕೆ, ಜೀಪು ಬಂದಷ್ಟು ದೂರವೂ, ದಿಂಡಿನ ನೆತ್ತಿ ಕೆತ್ತಿಹೋಗಿ ಹುಲ್ಲು ಮಕಾಡೆ ಮಲಗಿತ್ತು. ಮುಂದಕ್ಕೆ ಹುಲ್ಲು ನೆಟ್ಟಗೆ ನಿಂತಿತ್ತು.

"ಕೊಟ್ರಯ್ಯ, ನಿನ್ನೆ ಇಲ್ಲಿ ಜೀಪು ಬಂದಿದ್ರ ಈ ಹುಲ್ಲು ಹಿಂಗ ನಿಂದರತಿತ್ತೇನು?"

"ಎಲ್ಲಿ ನಿಂದರತೈತ್ರಿ. ಬಂದಿಲ್ಲ ಅಂತನ ಅದರ ಅರ್ಥ."

ಅಲ್ಲಿಂದ ದಂಡೆಯ ತನಕ ಇಬ್ಬರೂ ದಿಂಡಿನ ಮೇಲೆ ನಡೆದರು. ಹಾದಿಮನಿಯವರ ಕಣ್ಣು ನೆಲದ ಮೇಲೇ ಇತ್ತು. ದನಗಳು ತುಳಿದ ಗೊರಸಿನ ಕುಳಿಗಳಲ್ಲಿ ಮಳೆನೀರು ನಿಂತಿತ್ತು. ಒಂದು ಕುಳಿಯ ಮುಂದೆ ಅವರು ನಿಂತುಬಿಟ್ಟರು. ನೀರಿನ ಮೇಲೆ ನವಿಲುಗರಿಯ ಬಣ್ಣ ತೇಲುತ್ತಿತ್ತು. ಹತ್ತು ಹೆಜ್ಜೆ ಮುಂದೆ ಇನ್ನೊಂದು ಕುಳಿಯಲ್ಲೂ ಅದೇ. ಪಕ್ಕದ ಹುಲ್ಲಿನ ಎಸಳನ್ನು ಬೆರಳಲ್ಲಿ ತಿಕ್ಕಿ ಮೂಸಿದರು. ಕೊಟ್ರಯ್ಯನ ಮೂಗಿಗೂ ಹಿಡಿದರು.

"ಎಣ್ಣಿರಿ," ಎಂದ ಕೊಟ್ರಯ್ಯ. "ಚಕ್ಕಡಿ ಕೀಲೆಣ್ಣಿ ಇರಬೇಕು."

"ಚಕ್ಕಡಿ ಕೀಲು ಎಲ್ಲಿರತೈತಿ?"

"ಗಾಲಿ ಹತ್ರ."

"ಗಾಲಿ ಎಲ್ಲಿರತೈತಿ?"

"ಜಾಡಿನ್ಯಾಗ..." ಕೊಟ್ರಯ್ಯನ ಮಾತು ನಿಧಾನವಾಯಿತು. "ಇದು ನಟ್ಟನಡುವ ಬಿದ್ದೈತಲ್ರಿ."

"ನಡುವ ಎಣ್ಣಿ ಸೋರೋದು ಗೇರ್‌ಬಾಕ್ಸಿಂದ. ಎಣ್ಣಿ ಬಿದ್ದೈತಿ, ಹುಲ್ಲು ಬಾಗಿಲ್ಲ."

"ಹಂಗಾರ ಟ್ರ್ಯಾಕ್ಟರ್ ಇರಬೇಕ್ರಿ. ಅದು ಎತ್ತರ ಐತಿ."

ಹಾದಿಮನಿ ಜಾಡಿನ ಅಂಚು ತೋರಿಸಿದರು. ಟ್ರ್ಯಾಕ್ಟರಿನ ಹಿಂದಿನ ಅಗಲಗಾಲಿ ಈ ಇಕ್ಕಟ್ಟಾದ ಜಾಡಿಗೆ ಇಳಿಯಬೇಕಾದರೆ ಅಂಚು ಒಡೆಯಲೇಬೇಕು. ಅಂಚು ಎಲ್ಲೂ ಒಡೆದಿರಲಿಲ್ಲ. ದಂಡೆಯ ಶೆಡ್ಡಿನ ಮುಂದೆ ಮಾತ್ರ, ತಗಡಿನ ಸೂರಿನ ಕೆಳಗೆ ಮಳೆ ತಾಗದ ಕಡೆ, ಒಂದು ಗಾಲಿಯ ಅಚ್ಚು ಉಳಿದಿತ್ತು. ಮೋಟಾರು ಗಾಡಿಯ ಗಾಲಿಯೇ. ಪಕ್ಕದಲ್ಲಿ ಹಲಗೆಯನ್ನು ಓರೆಯಾಗಿ ಆನಿಸಿದ ಗುರುತು. ಒಬ್ಬನೇ ಮನುಷ್ಯ ಹಲಗೆಯ ಮೇಲೆ ಮೋಟಾರನ್ನು ಹಗ್ಗದಿಂದ ಎಳೆದು ಹೇರಿರಬಹುದು.

ಊರಿನಿಂದ ಇಬ್ಬರು ಪಂಚರನ್ನು ಕರೆಸಿ ಸ್ಥಳ ಪಂಚನಾಮೆ ಮಾಡಿದರು. ಕೊಟ್ರಯ್ಯ ದಿಂಡಿನ ಎತ್ತರವನ್ನು ಗೇಣು ಹಾಕಿ ಅಳೆದ. ಒಂದು ಗೇಣು, ಮೇಲೆ ಮೂರು ಬೆರಳು. ಪಂಚರಲ್ಲಿ ಒಬ್ಬ ಕೇಳಿಯೇ ಬಿಟ್ಟ: "ಕಳುವಾದದ್ದು ಮೋಟಾರ್ರಿ, ನೀವು ಹುಲ್ಲ ಅಳೀತೀರಲ್ಲ?"

"ಹುಲ್ಲ ಸಾಕ್ಷಿ ಹೇಳ್ತೈತಿ," ಎಂದರು ಹಾದಿಮನಿ. "ಮನಿಶಾರಕಿಂತ ಬೇಸಿ."

ಅಷ್ಟರಲ್ಲಿ ಠಾಣೆಯ ಜೀಪನ್ನು ಎರಡು ಜೋಡಿ ಎತ್ತುಗಳು ರಸ್ತೆಗೆ ಎಳೆದು ಹಾಕಿದ್ದವು.

*

ಗುರುವಾರ ಬೆಳಿಗ್ಗೆ ಹಾದಿಮನಿ ಕೊಟ್ರಯ್ಯನನ್ನು ಕರೆದುಕೊಂಡು ಗದಗಿಗೆ ಹೋದರು. ಬೆಟಗೇರಿಯ ಗ್ಯಾರೇಜುಗಳ ಸಾಲಿನಲ್ಲಿ ಜೀಪಿನ ಕೆಲಸಕ್ಕೆ ಹೆಸರಾದವನು ಮಹಬೂಬಸಾಬ. ಪೊಲೀಸ್ ಜೀಪು ನಿಂತದ್ದು ಕಂಡು ಅವನು ಕೈ ಒರೆಸಿಕೊಳ್ಳುತ್ತ ಬಂದು ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನ್ರಿ ಸಾಹೇಬ್ರ, ಸರ್ಕಾರದ ಗಾಡಿ ಹಡದ ಎಮ್ಮಿಗತೆ ಜೋತಬಿದ್ದೈತಿ?"

"ಅದಕ್ಕ ಬಂದೀನಿ. ಇದರ ಹೊಟ್ಟಿ ಮ್ಯಾಲೆತ್ತಬೇಕಂದ್ರ ಏನ ಮಾಡಬೇಕು?"

ಮಹಬೂಬಸಾಬನಿಗೆ ಉತ್ಸಾಹ ಬಂತು. ಕುಕ್ಕರಗಾಲಲ್ಲಿ ಕೂತು ಜೀಪಿನ ಅಡಿಗೆ ಕೈ ಚಾಚಿದ. "ಇಲ್ನೋಡ್ರಿ, ಕಮಾನಪಾಟಾ, ಈ ಸ್ಪ್ರಿಂಗ್ ಪಟ್ಟಿ, ಆಕ್ಸಲ್ಲಿನ ಕೆಳಗ ಕಟ್ಟ್ಯಾರ. ಇವನ್ನ ಬಿಚ್ಚಿ ಆಕ್ಸಲ್ಲಿನ ಮ್ಯಾಲ ಕುಂಡ್ರಿಸಿದ್ರ ಗೇರ್‌ಬಾಕ್ಸು, ಬಾಡಿ ಎಲ್ಲಾ ಅರ್ಧ ಗೇಣಿನ ಮ್ಯಾಲ ಏರತಾವ. ಆದ್ರ ಆಕ್ಸಲ್ಲಿನ ನಡುವಿನ ಗುಂಡು ಇದ್ದಲ್ಲೇ ಇರತೈತಿ. ಅದನ್ನ ಎತ್ತಾಕ ದೊಡ್ಡ ಗಾಲಿ ಬೇಕು. ಎರಡೂ ಮಾಡಬೇಕು, ಒಂದ ಮಾಡಿದ್ರ ಉಪಯೋಗಿಲ್ಲ."

"ಮಾಡಿದ್ರ ತೊಂದ್ರಿ ಏನರ ಐತಿ?"

"ತಿರುವಿನ್ಯಾಗ ಹುಷಾರಿರಬೇಕು, ಹೊಳ್ಳತೈತಿ. ಮತ್ತ ಶಾಫ್ಟು ಓರೆ ಆಕ್ಕೈತಿ, ಗೇರ್‌ಬಾಕ್ಸಿನ ಸೀಲು ತಿಂದು ಎಣ್ಣಿ ಹನಿಕ್ಕತೈತಿ. ಎಷ್ಟ ಸೀಲು ಹಾಕಿದ್ರೂ ಅಷ್ಟ."

ಹಾದಿಮನಿ ಬಗ್ಗಿ ಗೇರ್‌ಬಾಕ್ಸಿನ ಅಡಿ ನೋಡಿದರು.

"ಯಾರದರ ಮಾಡಿಕೊಟ್ಟೀಯೇನು?"

"ಒಂದ. ಲಕ್ಷ್ಮೇಶ್ವರದ ಮರ್ದಾನಸಾಬಂದು. ಹಟಾ ಹಿಡದು ಮಾಡಿಸ್ಕೊಂಡ್ರಿ. ಮಾಡಿದ ಮ್ಯಾಲ ನನಗ ನೋಡಿ ನಗಿ ಬಂತು, ಒಂಟಿ ನಿಂತಂಗ ನಿಂತಿತ್ತು. ಆದ್ರ ಅಂವಾ ನಗಲಿಲ್ರಿ. ಗಾಡಿ ಕೆಳಗ ತಾನ ಈ ಕಡೆಯಿಂದ ಆ ಕಡೆ ತೂರಿ ಹ್ವಾದ. ಎದ್ದು ನಿಂತು, 'ಮಹಬೂಬಭಾಯಿ, ಇನ್ನ ಮಳಿ ಬರಲಿ' ಅಂದ." ಆಮೇಲೆ ಅವನ ಮುಖ ಬದಲಾಯಿತು. "ಯಾಕ್ರಿ, ಏನಾತು? ಅಂವಾ ಒಳ್ಳೆ ಮನಿಶಾ ಅದಾನ."

*

ಲಕ್ಷ್ಮೇಶ್ವರದಲ್ಲಿ ಮರ್ದಾನಸಾಬನ ಮನೆ ಹುಡುಕಬೇಕಾಗಲಿಲ್ಲ. ಒಂಟೆ ಜೀಪು ಎಂದರೆ ಎಲ್ಲರೂ ಕೈ ತೋರಿಸಿದರು, ಕೈ ತೋರಿಸುವಾಗ ನಕ್ಕರು. ಜೀಪು ಬೇವಿನ ಮರದ ಕೆಳಗೆ ನಿಂತಿತ್ತು. ಹತ್ತುವವರಿಗೆಂದು ಎರಡೂ ಕಡೆ ಕಬ್ಬಿಣದ ಮೆಟ್ಟಿಲು ಬೆಸೆದಿದ್ದರು. ಮೆಟ್ಟಿಲ ಬಣ್ಣ ಸವೆದಿರಲಿಲ್ಲ. ಗಾಡಿಯ ಕೆಳಗೆ, ನಟ್ಟನಡುವೆ, ನೆಲದ ಮೇಲೆ ಅಂಗೈಯಗಲ ಎಣ್ಣೆ.

ಮರ್ದಾನಸಾಬ ಹೊರಗೆ ಬಂದ. ಮೂವತ್ತೈದರ ಆಸುಪಾಸಿನ ಸಣಕಲು ಮನುಷ್ಯ. ಖಾಕಿ ಕಂಡು ಓಡಲಿಲ್ಲ.

"ಮಂಗಳವಾರ ಮಧ್ಯಾಹ್ನ ಎಲ್ಲಿದ್ದಿ?"

"ಹಮ್ಮಿಗಿ ದಂಡಿಗೆ ಹೋಗಿದ್ನಿರಿ."

"ಮೋಟಾರ ಎಲ್ಲೈತಿ?"

"ಒಳಗ ಐತ್ರಿ."

ಮೋಟಾರು ನಡುಮನೆಯಲ್ಲಿತ್ತು. ಅದರ ಕೆಸರನ್ನೆಲ್ಲ ತೊಳೆದು, ಒರೆಸಿ, ಚಾಪೆಯ ಮೇಲೆ ಇಟ್ಟಿದ್ದರು. ಕೊಟ್ರಯ್ಯ ಫಿರ್ಯಾದಿ ಕೊಟ್ಟ ನಂಬರು ತಾಳೆ ನೋಡಿ ತಲೆಯಾಡಿಸಿದ.

"ನಿನಗ ಹೊಲಾ ಎಷ್ಟೈತಿ?"

"ಹೊಲಾ ಇಲ್ರಿ."

"ಮತ್ತ ಮೋಟಾರ ಯಾಕ?"

"ಅದು ನನಗ ಕೊಟ್ಟದ್ದರಿ. ವಿರೂಪಾಕ್ಷಪ್ಪ ಗೌಡ್ರ ಕೊಟ್ಟಾರ."

ಕೊಟ್ರಯ್ಯನಿಗೆ ನಗು ತಡೆಯಲಾಗಲಿಲ್ಲ. "ಕೊಟ್ಟವ್ರು ಫಿರ್ಯಾದ ಕೊಡ್ತಾರೇನೋ?"

"ಮುಂಡರಗಿ ನೀಲಗಂಗವ್ವನ ಚಾದಂಗಡ್ಯಾಗ ಕೇಳ್ರಿ. ಎಲ್ಲಾರ ಮುಂದ ಮಾತು ಕೊಟ್ಟಾರ."

ಬಾಗಿಲ ಹಿಂದಿದ್ದ ಹೆಂಡತಿ ಶಮಶಾದಬಿ ಅಲ್ಲಿಂದಲೇ ಹೇಳಿದಳು: "ನಾ ಮೊದ್ಲ ಹೇಳಿದ್ನಿರಿ, ದೊಡ್ಡವ್ರ ಮಾತು ನಂಬಬ್ಯಾಡ ಅಂತ. ಎರಡು ದಿನ ಆತು, ಅನ್ನ ಉಂಡಿಲ್ಲ. ಈ ಕಬ್ಬಣದ ಮುಂದ ಕುಂತಾನ."

ಹಾದಿಮನಿ ಕೊನೆಯ ಪ್ರಶ್ನೆ ಕೇಳಿದರು. "ಮಾತಿನಂಗ ತಂದಿದ್ರ ಚಾದಂಗಡಿ ಮುಂದ ಇಳಸಬೇಕಿತ್ತಲ್ಲ. ಮನ್ಯಾಗ ಯಾಕ ಮುಚ್ಚಿಟ್ಟಿ?"

ಮರ್ದಾನಸಾಬ ಮೋಟಾರಿನ ಮೇಲೆ ಕೈಯಿಟ್ಟ.

"ಬುಧವಾರ ಅದಕ್ಕಂತನ ಹೊಂಟಿದ್ನಿರಿ. ಮೋಟಾರ ಜೀಪಿನ್ಯಾಗ ಹೇರಿದ್ನಿ. ಬಸ್ ಸ್ಟ್ಯಾಂಡಿನ ಹತ್ರ ಬರೂದ್ರಾಗ ಮುಂಡರಗಿ ಬಸ್ಸಿನವ್ರು ಖಬರ ತಂದ್ರು, ಮುದುಕನ್ನ ಪೊಲೀಸ್ರು ಕುಂಡ್ರಿಸ್ಕೊಂಡಾರ, ಗೌಡ್ರ ಮೋಟಾರ ಕಳುವಾಗೈತಿ ಅಂತ. ನಾ ತಂದಾಗ ಅದು ಕಳುವಲ್ರಿ. ಅಷ್ಟೊತ್ತಿಗೆ ಕಳುವಾಗಿಬಿಟ್ಟಿತ್ತು."

"ಮುದುಕ ಠಾಣ್ಯಾಗ ಕುಂತಾನ ಅಂತ ಗೊತ್ತಿತ್ತು. ಆದ್ರೂ ಜೀಪು ಹೊಳ್ಳಿಸಿದಿ."

"ಹೌದ್ರಿ."

*

ನೀಲಗಂಗವ್ವ ಚಹದ ಸೋಸಣಿಕೆ ಕೆಳಗಿಡದೆಯೇ ಹೇಳಿಕೆ ಕೊಟ್ಟಳು.

"ಜೂನ್ ತಿಂಗಳಾಗ್ರಿ. ಅಂವಾ ಆ ಜೀಪು ತಂದು ಇಲ್ಲೇ ನಿಂದರಿಸಿ, ಮಳಿಗಾಲದಾಗ ಬಸ್ಸು ಹೋಗದ ಊರಿಗೆಲ್ಲಾ ನಾ ಮಂದಿ ಒಯ್ತೀನಿ, ಬರ್ರಿ ಅಂದ. ಒಬ್ರರ ಹತ್ತಬೇಕಲ್ಲ. ಒಬ್ಬಂವಾ ನಿಚ್ಚಣಿಕಿ ಎಲ್ಲೈತೋ ಅಂದ. ಒಬ್ಬಂವಾ, ನಮ್ಮವ್ವ ಹತ್ತಿದ್ರ ಇಳಸಾಕ ನಾಕ ಮಂದಿ ಬೇಕು ಅಂದ. ಅಂವಾ ಎಲ್ಲಾದಕ್ಕೂ ನಕ್ಕೋತನ ಇದ್ದ. ಆಗ ಗೌಡ್ರು ಅಂದ್ರು..."

"ಏನಂದ್ರು? ಅಂದಂಗ ಹೇಳು."

"'ಲೇ ಮರ್ದಾನ, ನಿನ್ನ ಒಂಟಿ ಆಶ್ಲೇಷ ಮಳ್ಯಾಗ ನನ್ನ ಹಮ್ಮಿಗಿ ದಂಡಿ ಮುಟ್ಟಿದ್ರ, ಅಲ್ಲಿರೋ ಮೋಟಾರ ಹೇರ್ಕೊಂಡು ಹೋಗಲೇ, ಅದು ನಿಂದ.' ಎಲ್ಲಾರೂ ನಕ್ರು. ಆ ಮಾತಿಗೆ ಅಂವಾ ಒಬ್ಬನ ನಗಲಿಲ್ಲ."

ಸಂಜೆ ವಿರೂಪಾಕ್ಷಪ್ಪನವರನ್ನು ಠಾಣೆಗೆ ಕರೆಸಿದರು. ಮರ್ದಾನಸಾಬ ಒಂದು ಗೋಡೆಗೆ, ಹುಚ್ಚೀರಪ್ಪ ಇನ್ನೊಂದು ಗೋಡೆಗೆ ಕುಳಿತಿದ್ದರು.

"ಈ ಮಾತು ನೀವು ಆಡಿದ್ದು ಖರೆ ಏನ್ರಿ?"

"ಆಡಿದ್ನಿ. ಅದು ಮಾತಿಗೆ ಅಂದದ್ದು."

ಮರ್ದಾನಸಾಬ ತಲೆ ಎತ್ತಿದ. "ಮಾತಿಗೆ ಅಂದದ್ದಲ್ರಿ. ಮಾತು ಕೊಟ್ಟದ್ದು."

"ಏ, ನಗಚಾಟಿಗೂ ನಂಬಿಗಿಗೂ ಅಂತರ ಗೊತ್ತಾಗೂದಿಲ್ಲೇನು ನಿನಗ? ಜೀಪು ಬರೂದಿಲ್ಲ ಅಂತ ಗೊತ್ತಿತ್ತು, ಅದಕ್ಕ ಅಂದ್ನಿ."

"ಬಂತಲ್ರಿ."

ಹಾದಿಮನಿ ವಿರೂಪಾಕ್ಷಪ್ಪನವರ ಕಡೆ ತಿರುಗಿ ಇನ್ನೊಂದು ಮಾತು ಕೇಳಿದರು. "ಫಿರ್ಯಾದ ಕೊಡಾಕ ಬಂದಾಗ ಈ ಮಾತು ನೆನಪಿತ್ತೇನು?"

"ನೆನಪಿದ್ರೂ ಹೇಳೂ ಅಂಥಾದ್ದೇನಿತ್ರಿ? ಆ ದಾರ್ಯಾಗ ಜೀಪು ಬರ್ತೈತಿ ಅಂತ ಯಾರ ಅನ್ಕೋತಾರ?"

ಹುಚ್ಚೀರಪ್ಪ ಅವರ ಮುಖವನ್ನೇ ನೋಡುತ್ತಿದ್ದ. ವಿರೂಪಾಕ್ಷಪ್ಪನವರು ಅವನ ಕಡೆ ನೋಡಲಿಲ್ಲ.

ಮಾಲೀಕನ ಒಪ್ಪಿಗೆ ಇತ್ತೋ ಇಲ್ಲವೋ ಎಂಬುದನ್ನು ಕೋರ್ಟು ತೀರ್ಮಾನಿಸಬೇಕು. ಆದರೆ ಯಾರಿಗೂ ಹೇಳದೆ ತಂದದ್ದು, ಫಿರ್ಯಾದಾದ ಮೇಲೂ ಮುಚ್ಚಿಟ್ಟದ್ದು ಕಣ್ಣ ಮುಂದಿತ್ತು. ಮರ್ದಾನಸಾಬನನ್ನು ದಸ್ತಗಿರಿ ಮಾಡಿ, ಮೋಟಾರನ್ನೂ ಜೀಪನ್ನೂ ಜಪ್ತಿ ಪಂಚನಾಮೆಯಲ್ಲಿ ತೋರಿಸಿದರು. ಹುಚ್ಚೀರಪ್ಪನಿಗೆ ಎದ್ದು ಹೋಗಲು ಹೇಳಿದರು.

ಹೇಳಿಕೆಗೆ ರುಜು ಹಾಕಿಸಿಕೊಳ್ಳುವಾಗ ಹಾದಿಮನಿ, ಬರೆಯಲಿಕ್ಕಲ್ಲದೆ, ತಮಗಾಗಿಯೇ ಕೇಳಿದರು: "ದಂಡಿ ಮುಟ್ಟಿದ್ದಿ. ಅಷ್ಟಕ್ಕ ಹೊಳ್ಳಿ ಬಂದಿದ್ರ ಆಗತಿರಲಿಲ್ಲೇನು?"

"ಬರೇ ಹೋಗಿ ಬಂದ್ನಿ ಅಂದ್ರ ಯಾರ ನಂಬ್ತಿದ್ರು ಸಾಹೇಬ್ರ? ಮೋಟಾರ ನೋಡಿದ್ರ ನಂಬ್ತಾರ. ನಂಬಿದ್ರ ಹತ್ತತಾರ. ಮಂದಿ ಹತ್ತಲಿ ಅಂತ ಅದನ್ನ ಎತ್ತರಿಸಿದ್ನಿ, ಎತ್ತರ ಆತಂತ ಒಬ್ರೂ ಹತ್ತಲಿಲ್ಲ."

ಹೊರಗೆ ಸಿದ್ದಲಿಂಗವ್ವ ಗಂಡನಿಗೆ ಗೋಣಿಕೊಪ್ಪೆ ಹೊದಿಸುತ್ತಿದ್ದಳು. ಮರ್ದಾನಸಾಬ ಕಿಟಕಿಯ ಬಳಿ ಬಂದು, "ಕಾಕಾ," ಎಂದು ಕರೆದ. ಮುದುಕ ಕೇಳಿಸಿಕೊಂಡನೋ ಇಲ್ಲವೋ, ಇಬ್ಬರೂ ರಸ್ತೆಗೆ ಇಳಿದು ಹೋದರು.

*

ಮರ್ದಾನಸಾಬನಿಗೆ ಜಾಮೀನಾಯಿತು. ಕೆಲವು ದಿನಗಳಲ್ಲಿ ಮುಚ್ಚಳಿಕೆಯ ಮೇಲೆ ಜೀಪೂ ಕೈಗೆ ಬಂತು. ಅಷ್ಟರಲ್ಲಿ ದಿಂಡಿಗೆ ತಾಗದೆ ಹಮ್ಮಿಗಿ ದಂಡೆಗೆ ಹೋಗಿ ಬಂದ ಗಾಡಿಯ ಸುದ್ದಿ ಶಿರಹಟ್ಟಿಯಿಂದ ಮುಳಗುಂದದ ತನಕ ಹಬ್ಬಿತ್ತು. ಮೋಟಾರು ತೋರಿಸಿ ನಂಬಿಸಬೇಕೆಂದಿದ್ದ ಜನರನ್ನು ಪೊಲೀಸ್ ಕೇಸೇ ನಂಬಿಸಿತು. ಹುಬ್ಬೆ ಮಳೆಯ ಹೊತ್ತಿಗೆ ಅವನ ಜೀಪಿನಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. ಕೋರ್ಟಿನಿಂದ ಬಿಡಿಸಿಕೊಂಡ ಮೋಟಾರನ್ನು ದಂಡೆಗೆ ಒಯ್ಯಲು ಬೇರೆ ದಾರಿ ಕಾಣದೆ ವಿರೂಪಾಕ್ಷಪ್ಪನವರು ಅದೇ ಜೀಪನ್ನು ಬಾಡಿಗೆಗೆ ಕರೆದರು. ಅವನು ಒಯ್ದು ಇಳಿಸಿದ. ಆದರೆ ಶೆಡ್ಡಿನಲ್ಲಿ ಹೊಸ ಕಾವಲುಗಾರನಿದ್ದ. ಒಮ್ಮೆ ಸಂಶಯದ ಮಾತು ಬಂದ ಮೇಲೆ ಅಂಥ ಆಳು ಇರಬಾರದೆಂದು ಗೌಡರು ಹುಚ್ಚೀರಪ್ಪನನ್ನು ಬಿಡಿಸಿದ್ದರು.

ಸಂತೆಯ ದಿನ ಒಮ್ಮೆ ಕೊಟ್ರಯ್ಯ ಬಂದೋಬಸ್ತಿಗೆಂದು ಅದೇ ಜೀಪಿನಲ್ಲಿ ಹಮ್ಮಿಗಿಗೆ ಹೊರಟಿದ್ದ. ಮಳೆ ಹಿಡಿದಿತ್ತು. ದಾರಿಯಲ್ಲಿ ಹುಚ್ಚೀರಪ್ಪ ಜೋಳದ ಚೀಲ ಹೊತ್ತು ಒಬ್ಬನೇ ನಡೆಯುತ್ತಿದ್ದ. ಮರ್ದಾನಸಾಬ ಜೀಪು ನಿಲ್ಲಿಸಿ, ಮುಂದಿನ ಸೀಟಿನಲ್ಲಿದ್ದವರನ್ನು ಹಿಂದಕ್ಕೆ ಕಳಿಸಿ, ತಾನೇ ಇಳಿದು ಮೆಟ್ಟಿಲನ್ನು ಅಂಗವಸ್ತ್ರದಿಂದ ಒರೆಸಿದ.

"ಬಾ ಕಾಕಾ. ಹತ್ತು. ಸಾಯೂ ಮಟ ನಿನ್ನ ಕಡೆ ಬಾಡಿಗಿ ಮುಟ್ಟೂದಿಲ್ಲ. ನನ್ನ ತಲಿ ಮ್ಯಾಲಿನ ಭಾರ ಒಂದೀಟು ಇಳಸು."

ಮುದುಕ ನಿಂತು ಮೆಟ್ಟಿಲನ್ನು ನೋಡಿದ, ಅವನನ್ನು ನೋಡಿದ.

"ನಿನ್ನ ಗಾಡಿ ಬೇಸಿ ಐತಿ ತಮ್ಮ," ಎಂದ. "ಠಾಣ್ಯಾಗ ಎರಡು ದಿನ ನೀ ಬರ್ತಿ ಅಂತ ನಾ ಕಾದ್ನಿ. ಯಾರ ಬರ್ತಾರ ಅಂತ ಗೊತ್ತಿರಲಿಲ್ಲ ಖರೆ. ಯಾರರ ಬಂದು, ಈ ಮುದುಕ ಅಲ್ಲ, ನಾ ಅಂತಾರ ಅಂತ ಕಾದ್ನಿ."

"ತಪ್ಪಾತು ಕಾಕಾ."

"ಆತು ಬಿಡು. ನೀ ನಡಿ, ಮಂದಿ ತೋಯಸ್ಕೊಳ್ಳಾಕ ಹತ್ಯಾರ."

ಅವನು ಚೀಲವನ್ನು ಹೆಗಲು ಬದಲಿಸಿ ನಡೆದ. ಮರ್ದಾನಸಾಬ ಮೆಟ್ಟಿಲ ಹತ್ತಿರವೇ ನಿಂತಿದ್ದ. ಹಿಂದಿನಿಂದ ಯಾರೋ, "ಏ ಮರ್ದಾನ, ಬಿಡೋ, ಸಂತಿ ಮುಗಿತೈತಿ!" ಎಂದು ಕೂಗಿದರು. ಮುಂದಿನ ಸೀಟು ಹಮ್ಮಿಗಿ ಮುಟ್ಟುವ ತನಕ ಖಾಲಿಯೇ ಹೋಯಿತು. ಅದರಲ್ಲಿ ಕೂಡಲು ಕೊಟ್ರಯ್ಯನಿಗೂ ಮನಸ್ಸಾಗಲಿಲ್ಲ.